ಎರಡು ಚಮಚ ಚೀನಿಕಾಯಿ

ಪ್ಯಾಂಕ್ರಿಯಾಸ್ ಅಂದರೆ ಹೊಟ್ಟೆಯ ಹಿಂದೆ ಬಚ್ಚಿಟ್ಟುಕೊಂಡ
ಒಂದು ನಾಲಗೆಯಂಥದ್ದು, ಅಂದರು ಡಾಕ್ಟರ್ ಗಸ್ಸಾನ್,
ಚೀಟಿಯ ಹಿಂಬದಿಯಲ್ಲಿ ಗೀಚಿ ತೋರಿಸಿ.
ಊದಿದೆ. ತನ್ನನ್ನು ತಾನೇ ಅರಗಿಸಿಕೊಳ್ಳುತ್ತಿದೆ.
ಏನು ತಿಂದಿತ್ತು?

ಮದಾಮ್ ನಾಯ್ಲಾ ನನ್ನ ಮುಖ ನೋಡಿದರು.
ನಾನು ಗೋಡೆಯ ಮೇಲಿನ ಬೆಕ್ಕಿನ ಕ್ಯಾಲೆಂಡರ್ ನೋಡಿದೆ.
ಫುಸ್ತಕ್ ಮಾತ್ರ ಯಾರನ್ನೂ ನೋಡದೆ
ಮುಂಗಾಲು ನೆಲಕ್ಕೂರಿ, ಹಿಂಭಾಗ ಎತ್ತಿ,
ಹಿರಿಯರಿಗೆ ಅಡ್ಡಬೀಳುವ ಮಗುವಿನ ಹಾಗೆ ಬಾಗಿತ್ತು.
ವಿನಯವಲ್ಲ ಅದು, ನೋವು, ಎಂದರು ಡಾಕ್ಟರ್.

ಶುಕ್ರವಾರದ ಮಚ್ಬೂಸ್‌ನ ತಳದಲ್ಲಿ ಉಳಿದ
ಕುರಿಯ ಕೊಬ್ಬು, ಒಂದು ಬಟ್ಟಲು.
ಅವತ್ತು ಊರಿನಲ್ಲಿ ಜುವಿತಾಳ ರೋಸು.
ನನ್ನ ಮಗಳ ನೆತ್ತಿಗೆ ಯಾರ್ಯಾರೋ ತೆಂಗಿನಹಾಲು ಸುರಿಯುವುದನ್ನು
ಅಂಗೈಯಗಲದ ಫೋನಿನಲ್ಲಿ ನೋಡಿದೆ.
ಜುಫೈರಿನ ಹನ್ನೊಂದನೇ ಮಹಡಿಯಲ್ಲಿ
ಔತಣಕ್ಕೆ ಸಿಕ್ಕಿದ್ದು ಈ ಮೀಸೆಯ ಶ್ನೌಜರ್ ಒಂದೇ.
ತಿನ್ನು ಮಗಾ, ಅಂದೆ.
ತಿಂದಿತು.

ನಾಯಿ ಹೊಟ್ಟೆಗೆ ತುಪ್ಪ ದಕ್ಕುವುದಿಲ್ಲ ಅಂತ
ಅಜ್ಜಿ ಅನ್ನುತ್ತಿದ್ದದ್ದು ಮನುಷ್ಯರ ಬಗ್ಗೆ ಎಂದುಕೊಂಡಿದ್ದೆ.

ಮೂರು ದಿನ ಗ್ಲೂಕೋಸು, ಮುಂಗಾಲಿಗೆ ನೀಲಿ ಪಟ್ಟಿ.
ನೂರ ಎಂಬತ್ತು ದಿನಾರ್ ಬಿಲ್ಲು,
ಅಂದರೆ ನನ್ನ ಒಂದೂವರೆ ತಿಂಗಳು.
ಆಮೇಲೆ ಗಂಜಿ, ಚರ್ಮ ಸುಲಿದ ಕೋಳಿಯ ಎದೆ,
ಬೇಯಿಸಿ, ತಣಿಸಿ, ಮೇಲೆ ಕಟ್ಟಿದ ಜಿಡ್ಡು ತೆಗೆದು.
ಹತ್ತನೇ ದಿನ ಫೈಬರ್ ಅಂದರು ಡಾಕ್ಟರ್. ನಾನು ಸುಮ್ಮನಿದ್ದೆ.
ಅಲ್‌ಯಾಫ್ ಅಂದರು ಮದಾಮ್. ಅದೂ ಗೊತ್ತಾಗಲಿಲ್ಲ.
ಗಾಳಿಯಲ್ಲಿ ಎರಡು ಬೆರಳಿನಿಂದ
ಇಲ್ಲದ ದಾರವೊಂದನ್ನು ಉದ್ದಕ್ಕೆ ಎಳೆದರು.

ಓ, ನಾರು!
ನಾರು ಗೊತ್ತಿಲ್ಲವೇ ನನಗೆ?
ಶಂಕರಪುರದ ನಮ್ಮ ಜಗಲಿಯಲ್ಲಿ
ಆರು ವರ್ಷಕ್ಕೇ ಮಡಿಲಲ್ಲಿ ಒದ್ದೆ ಬಾಳೆನಾರು,
ಉಗುರಲ್ಲಿ ಸೀಳಿ, ಗಂಟು ಹಾಕಿ, ಸೀಳಿ,
ಎಂಟುನೂರು ಮೊಗ್ಗಿಗೆ ಒಂದು ಚೆಂಡು,
ಒಂಬತ್ತರ ಒಳಗೆ ಕಟ್ಟೆಗೆ ಮುಟ್ಟಬೇಕು.
ದರ ಹೂವಿಗೆ. ನಾರಿನ ದರ ಕೇಳಿದವರಿಲ್ಲ.
ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತಂತೆ.
ಹೋಗುವ ಮನಸ್ಸಿತ್ತೋ ಇಲ್ಲವೋ.

ಚೀನಿಕಾಯಿ, ಎಂದು ಬರೆದುಕೊಂಡೆ ಕನ್ನಡದಲ್ಲಿ.
ಸಕ್ಕರೆ ಇಲ್ಲ, ಉಪ್ಪಿಲ್ಲ, ಒಗ್ಗರಣೆ ಖಂಡಿತ ಇಲ್ಲ.
ಎರಡು ಚಮಚ. ಜಾಸ್ತಿ ಬೇಡ,
ನಾರು ಹೆಚ್ಚಾದರೂ ಹೊಟ್ಟೆ ಮುನಿಯುತ್ತದೆ,
ಎಂದು ಡಾಕ್ಟರ್ ಅಡಿಗೆ ಎರಡು ಗೆರೆ ಎಳೆದಿದ್ದರು.
ಮನಾಮದ ಮಾರ್ಕೆಟ್ಟಿನಲ್ಲಿ ಹೋಳು ಮಾರುವ ಸಿಲ್ಹೆಟ್ಟಿನ ಹುಡುಗ
ಅಕ್ಕಾ, ಮನೆಯಲ್ಲಿ ಎಷ್ಟು ಜನ, ಅಂದ.
ಒಬ್ಬ, ಅಂದೆ. ಗಡ್ಡ ಇದೆ.

ಫ್ರಿಜ್ಜಿನ ಮೇಲೆ ಈಗ ಮದಾಮರ ಚೀಟಿ:
ಫುಸ್ತಕ್‌ಗೆ ಯಾರೂ ಕೊಬ್ಬು ಹಾಕಬಾರದು.
ಮನೆಯಲ್ಲಿರುವುದು ನಾವಿಬ್ಬರೇ.
ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.
ಆ 'ಯಾರೂ' ಎಂಬ ಪದವನ್ನು ದಿನಾ ಒರೆಸುತ್ತೇನೆ,
ಬಾಗಿಲಿನ ಜೊತೆಗೆ, ಒದ್ದೆ ಬಟ್ಟೆಯಲ್ಲಿ.

ಆಗಸ್ಟ್. ಬೆಳಗಿನ ಐದಕ್ಕೇ ಗಾಳಿ ಬೆವರುತ್ತದೆ.
ಖರ್ಜೂರದ ಮರದ ಬುಡದಲ್ಲಿ ಅದು ಮೂರು ಸುತ್ತು ಸುತ್ತಿ ಕೂತಾಗ
ನಾನು ಉಸಿರು ಬಿಗಿಹಿಡಿದು ನಿಲ್ಲುತ್ತೇನೆ.
ನಿನ್ನೆಯವರೆಗೂ ನೀರು, ಜಿಡ್ಡು, ಬೂದಿಬಣ್ಣ.
ಇವತ್ತು ಗಟ್ಟಿ. ಕಂದು. ಬೆರಳಿನಷ್ಟು ನೇರ.
ಕೈಗೆ ಚೀಲ ತೊಟ್ಟು ಎತ್ತಿ, ಬಿಸಿ ಇನ್ನೂ ಆರಿರಲಿಲ್ಲ,
ಫೋಟೋ ತೆಗೆದು ಮದಾಮ್‌ಗೆ ಕಳಿಸಿದೆ.
ಮೂರು ಹೃದಯ ಬಂದವು.
ಜುವಿತಾಳ ಮದುವೆಯ ಫೋಟೋಕ್ಕೆ ಬಂದದ್ದು ಒಂದು.

ಮನೆಗೆ ಬಂದು ಅಡುಗೆಮನೆಯ ನೆಲದಲ್ಲಿ ಕೂರುತ್ತೇವೆ.
ಅದು ತಟ್ಟೆ ನೆಕ್ಕಿ, ಇನ್ನೂ ಬೇಕು ಎಂದು ನನ್ನನ್ನೇ ನೋಡುತ್ತದೆ,
ಆ ಶುಕ್ರವಾರ ನೋಡಿದ್ದಂತೆಯೇ.
ಇಲ್ಲ ಮಗಾ, ಎರಡೇ.
ಗಡ್ಡದಲ್ಲಿ ಸಿಕ್ಕಿಕೊಂಡ ಚೀನಿಕಾಯಿಯ ಒಂದು ಎಳೆ,
ಹಳದಿ, ಒದ್ದೆ. ಉಗುರಿನಿಂದ ಬಿಡಿಸುತ್ತೇನೆ
ಕೂದಲು ಎಳೆಯದ ಹಾಗೆ, ಮೆಲ್ಲಗೆ.
ಬೆರಳು ತನ್ನಷ್ಟಕ್ಕೇ ಗಂಟು ಹಾಕಲು ಹೋಗುತ್ತದೆ.